ಮಾರ್ವೆಲ್ ಪಜಲ್ ಕ್ವೆಸ್ಟ್, ಲೆಗೋ ಮಾರ್ವೆಲ್, ಸ್ಕ್ರಿಬಲ್‌ನಾಟ್ಸ್: ಮಳೆ ರಜೆಗೆ ಯಾವುದು ಒಳ್ಳೆಯದು?

ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ ಕೂಡಲೇ ಮಂಗಳೂರು, ಉಡುಪಿಯ ಮನೆಗಳಲ್ಲಿ ಒಂದೇ ಪ್ರಶ್ನೆ: ಮಕ್ಕಳಿಗೆ ಸೂಪರ್‌ಹೀರೋಗಳೇ ಬೇಕು, ಆದರೆ ಬರೀ ಗುದ್ದಾಟ ಬೇಡ, ತಲೆಗೂ ಸ್ವಲ್ಪ ಕೆಲಸ ಸಿಗಬೇಕು. ಅಂಥದ್ದರಲ್ಲಿ ಆಡಿ ನೋಡಿ ಹೋಲಿಸಲು ಯೋಗ್ಯವಾದವು ಮೂರು: ಮೊಬೈಲಿನಲ್ಲಿ ಮಾರ್ವೆಲ್ ಪಜಲ್ ಕ್ವೆಸ್ಟ್, ಕಂಪ್ಯೂಟರಿನಲ್ಲಿ ಲೆಗೋ ಮಾರ್ವೆಲ್ ಸೂಪರ್ ಹೀರೋಸ್ ಮತ್ತು ಡಿಸಿ ಕಾಮಿಕ್ಸ್‌ನ ಪಾತ್ರಗಳಿರುವ ಸ್ಕ್ರಿಬಲ್‌ನಾಟ್ಸ್ ಅನ್‌ಮಾಸ್ಕ್ಡ್. ಮೂರೂ 2013ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಂದವು. ಬಂದ ಕಾಲ ಒಂದೇ ಆದರೂ ಆಟ ಮೂರರದ್ದೂ ಬೇರೆ.

ಪಜಲ್ ಎಂದು ನೋಡಿದರೆ ನಮ್ಮ ಮತ ಮಾರ್ವೆಲ್ ಪಜಲ್ ಕ್ವೆಸ್ಟ್‌ಗೆ. ಎಂಟಕ್ಕೆ ಎಂಟು ಚೌಕಗಳ ಹಲಗೆ, ಅದರಲ್ಲಿ ಕೆಂಪು, ಹಳದಿ, ನೀಲಿ, ನೇರಳೆ, ಹಸಿರು, ಕಪ್ಪು ಟೈಲ್‌ಗಳು. ಒಂದೇ ಬಣ್ಣದ ಮೂರು ಸೇರಿಸಿದರೆ ಎದುರಾಳಿಗೆ ಪೆಟ್ಟು, ಜೊತೆಗೆ ಆ ಬಣ್ಣದ ಮೂರು ಎಪಿ, ಅಂದರೆ ಹೀರೋಗಳ ವಿಶೇಷ ಶಕ್ತಿ ಬಿಡಲು ಖರ್ಚಾಗುವ ಅಂಕ, ನಿಮ್ಮ ತಂಡದ ಖಾತೆಗೆ. ನಾಲ್ಕು ಸೇರಿದರೆ ಸಾಲಿಗೆ ಸಾಲೇ ಖಾಲಿ. ಐದು ಸೇರಿದರೆ ಕ್ರಿಟಿಕಲ್ ಟೈಲ್ ಹುಟ್ಟುತ್ತದೆ. ಅದು ಯಾವ ಬಣ್ಣದ ಜೊತೆಗೂ ಸೇರುತ್ತದೆ, ಪೆಟ್ಟನ್ನೂ ಹಲವು ಪಟ್ಟು ಹೆಚ್ಚಿಸುತ್ತದೆ. ತಂಡದಲ್ಲಿ ಮೂವರು ಹೀರೋಗಳು, ಎಪಿ ಮೂವರಿಗೂ ಸೇರಿ ಒಂದೇ. ಹೊಸಬರು ಸೋಲುವುದು ಈ ಕೊನೆಯ ಮಾತನ್ನು ಮರೆತಾಗ.

ಹೀರೋಗಳ ದರ್ಜೆಯನ್ನು ಇಲ್ಲಿ ನಕ್ಷತ್ರಗಳಲ್ಲಿ ಎಣಿಸುತ್ತಾರೆ. ಎರಡು ನಕ್ಷತ್ರದ ಥಾರ್‌ನನ್ನೇ ನೋಡಿ. ಅವನ ಕೆಂಪು ಶಕ್ತಿ ಹಲಗೆಯ ಮೇಲೆ ಹಳದಿ ಟೈಲ್‌ಗಳನ್ನು ಹುಟ್ಟಿಸುತ್ತದೆ. ಆ ಹಳದಿ ಕೂಡಿಸಿ ಹಳದಿ ಶಕ್ತಿ ಬಿಟ್ಟರೆ ಹಸಿರು ಟೈಲ್‌ಗಳು ಬರುತ್ತವೆ. ಹಸಿರು ಶಕ್ತಿ ಎದುರಿನ ಎಲ್ಲರಿಗೂ ಒಟ್ಟಿಗೆ ಹೊಡೆಯುತ್ತದೆ. ಮೊದಲಿಗೆ ಕೆಂಪು ಕೂಡಿಸಿಕೊಂಡರೆ ಸಾಕು, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಇವನ ಪಕ್ಕಕ್ಕೆ ಆರೀಸ್‌ನನ್ನು ನಿಲ್ಲಿಸಿದಿರೋ, ಕೆಟ್ಟಿತು. ಅವನದ್ದೂ ಕೆಂಪು, ಹಳದಿ, ಹಸಿರೇ. ಇಬ್ಬರೂ ಒಂದೇ ಗಂಟಿಗೆ ಕೈ ಹಾಕುತ್ತಾರೆ; ನೀಲಿ, ನೇರಳೆ, ಕಪ್ಪು ಎಪಿ ಸುಮ್ಮನೆ ಬಿದ್ದಿರುತ್ತದೆ. ಉಳಿದಿಬ್ಬರು ಹೀರೋಗಳು ಆ ಮೂರು ಬಣ್ಣಗಳನ್ನು ಖರ್ಚು ಮಾಡುವವರಾಗಿರಬೇಕು.

ಇನ್ನೊಂದು ಸೂಕ್ಷ್ಮ ಉಂಟು. ನೀವು ಕೂಡಿಸಿದ ಬಣ್ಣದಲ್ಲಿ ಯಾರ ಪೆಟ್ಟು ಜೋರೋ ಅವನು ಮುಂದೆ ಬಂದು ನಿಲ್ಲುತ್ತಾನೆ, ಎದುರಾಳಿಯ ಹೊಡೆತವೂ ಅವನಿಗೇ. ಆದ್ದರಿಂದ ಒಬ್ಬನ ಆರೋಗ್ಯದ ಪಟ್ಟಿ ತೀರಾ ಇಳಿದಿದ್ದರೆ ಅವನ ಬಣ್ಣವನ್ನು ಮುಟ್ಟಬೇಡಿ. ಎದುರಾಳಿಯೂ ಇದೇ ಹಲಗೆಯಿಂದ ಎಪಿ ಎತ್ತುತ್ತಾನೆ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ (ಅಳಗುಳಿಮಣೆ) ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಾವೆಷ್ಟು ಬಾಚಿದೆವು ಎನ್ನುವುದರ ಜೊತೆಗೆ ಎದುರು ಕೂತವರಿಗೆ ಏನು ಉಳಿಸಿದೆವು ಎಂಬ ಲೆಕ್ಕವೂ ಬೇಕು. ಹಲಗೆಯ ಬುಡದಲ್ಲಿ ಟೈಲ್ ತೆಗೆದರೆ ಮೇಲಿನವೆಲ್ಲ ಕುಸಿದು ತಾವಾಗಿಯೇ ಸೇರಿಕೊಳ್ಳುವ ಸಾಧ್ಯತೆ ಹೆಚ್ಚು, ಆದರೆ ಎದುರಾಳಿಗೂ ಏನೇನೋ ತೆರೆದುಕೊಳ್ಳುತ್ತದೆ. ಗೆಲ್ಲುವ ಸ್ಥಿತಿಯಲ್ಲಿದ್ದರೆ ಮೇಲಿನ ಸಾಲುಗಳಲ್ಲೇ ಆಡಿ. ಎದುರಾಳಿಯ ಕೌಂಟ್‌ಡೌನ್ ಟೈಲ್ (ಸರದಿಗೊಮ್ಮೆ ಸಂಖ್ಯೆ ಇಳಿದು, ಸೊನ್ನೆಯಾದಾಗ ಅವನ ಶಕ್ತಿ ಹೊರಬೀಳುವ ಟೈಲ್) ಕಂಡರೆ ಅದು ಸೊನ್ನೆಗೆ ಇಳಿಯುವ ಮೊದಲು ಸೇರಿಸಿ ತೆಗೆದುಬಿಡಿ, ಬೇರೆ ಆಸೆ ಬಿಟ್ಟಾದರೂ ಸರಿ.

ಇಷ್ಟು ಚಂದದ ಹಲಗೆಯ ಸುತ್ತ ಕಟ್ಟಿದ ಅಂಗಡಿಯೇ ಇದರ ದೊಡ್ಡ ದೋಷ. ಆಟ ಉಚಿತ, ಹೀರೋಗಳು ಕವರ್‌ಗಳಾಗಿ, ಅಂದರೆ ಕಾಮಿಕ್ ಪುಸ್ತಕದ ಮುಖಪುಟದಂಥ ಕಾರ್ಡ್‌ಗಳಾಗಿ ಸಿಗುತ್ತಾರೆ. ಮೂರು ಶಕ್ತಿಗಳಿರುವ ಹೀರೋಗೆ ಒಂದೊಂದು ಶಕ್ತಿಗೆ ಐದರವರೆಗೆ ಕವರ್ ಹಾಕಬಹುದು, ಆದರೆ ಒಟ್ಟು 13ಕ್ಕೆ ಮಿತಿ. ಅಂದರೆ ಐದು-ಐದು-ಮೂರು ಅಥವಾ ಐದು-ನಾಲ್ಕು-ನಾಲ್ಕು. ಯಾವುದನ್ನು ಬಿಟ್ಟುಕೊಡುವುದು ಎಂಬುದೇ ಒಂದು ಪಜಲ್. ಒಂದು ನಕ್ಷತ್ರದವರ ಮಟ್ಟ 50ಕ್ಕೆ ನಿಲ್ಲುತ್ತದೆ, ಎರಡರವರದ್ದು 94ಕ್ಕೆ, ಮೂರರವರದ್ದು 166ಕ್ಕೆ. ಎರಡು, ಮೂರು ನಕ್ಷತ್ರದವರನ್ನು ಅಲ್ಲಿಂದ ಮೇಲೆ ಒಯ್ಯಲು ಚಾಂಪಿಯನ್ ಎಂಬ ದರ್ಜೆಗೆ ಏರಿಸಬೇಕು. ಪ್ರತಿ ಹೀರೋಗೂ ತಂಡದಲ್ಲಿ ಜಾಗ ಬೇಕು, ಜಾಗಕ್ಕೆ ಹೀರೋ ಪಾಯಿಂಟ್ ಎಂಬ ಆಟದೊಳಗಿನ ಹಣ ಬೇಕು. ಸಿಕ್ಕಿದ ಹೀರೋ ಪಾಯಿಂಟನ್ನೆಲ್ಲ ಮೊದಲು ಜಾಗಕ್ಕೇ ಹಾಕಿ. ಬಣ್ಣಬಣ್ಣದ ಪ್ಯಾಕ್‌ಗಳಿಗೆ ಹಾಕಿದರೆ ಬಂದ ಹೀರೋವನ್ನು ಇಡಲು ಜಾಗವಿಲ್ಲದೆ ಮಾರಬೇಕಾಗುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಇದನ್ನು ಮರೆಯಲೇಬೇಡಿ.

ಲೆಗೋ ಮಾರ್ವೆಲ್‌ನಲ್ಲಿ ಈ ತಲೆನೋವಿಲ್ಲ. ಒಮ್ಮೆ ಕೊಂಡರೆ ಕತೆಯ 15 ಹಂತಗಳೂ ನಿಮ್ಮವು. ಪಜಲ್ ಇಲ್ಲಿ ಯಾರಿಂದ ಏನಾಗುತ್ತದೆ ಎಂದು ಗುರುತಿಸುವುದು. ಹಸಿರು ಹಿಡಿ ಇರುವ ಭಾರದ ವಸ್ತು ಕಂಡರೆ ಹಲ್ಕ್, ಬೆಳ್ಳಿ ಬಣ್ಣದ ಇಟ್ಟಿಗೆ ಕಂಡರೆ ಐರನ್ ಮ್ಯಾನ್‌ನ ಕ್ಷಿಪಣಿ, ಮಂಜುಗಡ್ಡೆಗೆ ಹ್ಯೂಮನ್ ಟಾರ್ಚ್. ಕಂಪ್ಯೂಟರ್ ಫಲಕದ ಎದುರು ಹಲ್ಕ್ ನಿಂತರೆ ಏನೂ ಆಗುವುದಿಲ್ಲ. ಪಾತ್ರ ಬದಲಿಸುವ ಬಟನ್ ಒತ್ತಿ ಹಿಡಿದು ಅವನ ಮನುಷ್ಯರೂಪವಾದ ಬ್ರೂಸ್ ಬ್ಯಾನರ್ ಆಗಬೇಕು. ಮಕ್ಕಳು ಅರ್ಧ ಗಂಟೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ದಾರಿ ಕಾಣದಿದ್ದರೆ ಸುತ್ತ ಒಡೆಯಬಹುದಾದುದನ್ನೆಲ್ಲ ಒಡೆಯಿರಿ. ನೆಲದಲ್ಲಿ ಕುಣಿಯುವ ಇಟ್ಟಿಗೆಗಳು ಉಳಿದರೆ ಅದನ್ನು ಕಟ್ಟಬೇಕೆಂದು ಅರ್ಥ. ಪ್ರತಿ ಹಂತದಲ್ಲೂ ಹುಡುಕಿ ಕೂಡಿಸಬೇಕಾದ 10 ಮಿನಿಕಿಟ್ ಎಂಬ ವಸ್ತುಗಳು ಅಡಗಿವೆ, ಆದರೆ ಮೊದಲ ಸಲ ಎಲ್ಲವೂ ಸಿಗುವಂತಿಲ್ಲ. ಬೇಕಾದ ಪಾತ್ರ ಆಗ ನಿಮ್ಮ ಬಳಿ ಇರುವುದಿಲ್ಲ. ಕತೆ ಮುಗಿಸಿ, ಗಳಿಸಿದ ಪಾತ್ರಗಳೊಂದಿಗೆ ಅದೇ ಹಂತವನ್ನು ಮತ್ತೆ ಆಡುವ ಫ್ರೀ ಪ್ಲೇಯಲ್ಲಿ ಬನ್ನಿ. ದೊಡ್ಡವರಿಗೆ ಇದು ಸುಲಭವೇ. ಅಕ್ಕ ತಮ್ಮ ಒಟ್ಟಿಗೆ ಕೂತು ಒಂದೇ ಪರದೆಯಲ್ಲಿ ಆಡಲು ಮಾತ್ರ ಮೂರರಲ್ಲಿ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಗೇಮ್‌ಪ್ಯಾಡ್ ಒಂದಿದ್ದರೆ ಇನ್ನೊಬ್ಬರಿಗೆ ಕೀಬೋರ್ಡ್ ಸಾಕು. ಬೇರೆ ಬೇರೆ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಜೊತೆಯಾಗಿ ಆಡಲು ಬರುವುದಿಲ್ಲ.

ಸ್ಕ್ರಿಬಲ್‌ನಾಟ್ಸ್‌ನಲ್ಲಿ ಪದ ಟೈಪ್ ಮಾಡಿದರೆ ಆ ವಸ್ತು ಎದುರಿಗೆ ಬರುತ್ತದೆ. ಏಣಿ ಎಂದರೆ ಏಣಿ, ಬ್ಯಾಟ್‌ಮ್ಯಾನ್ ಎಂದರೆ ಬ್ಯಾಟ್‌ಮ್ಯಾನ್. ಡಿಸಿಯ ಸುಮಾರು 2000 ಪಾತ್ರ, ವಸ್ತುಗಳು ಇದರಲ್ಲಿವೆ. ವಿಶೇಷಣವನ್ನೂ ಸೇರಿಸಬಹುದು: ಹಾರುವ ಆನೆ, ಹೆದರಿದ ಕಳ್ಳ. ಎಲ್ಲದಕ್ಕೂ ಸೂಪರ್‌ಮ್ಯಾನ್‌ನನ್ನೇ ಕರೆದರೆ ಆಟ ಅಲ್ಲಿಗೆ ಸಪ್ಪೆ. ಅದಕ್ಕೇ ಹೇಳಿದ ಪದವನ್ನೇ ಮತ್ತೆ ಮತ್ತೆ ಹೇಳಿದರೆ ಅಂಕ ಕಡಿಮೆಯಾಗುವ ಹಾಗೆ ಮಾಡಿದ್ದಾರೆ. ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ, ಇಂಗ್ಲಿಷ್ ಕಾಗುಣಿತ ಬೇಕೇ ಬೇಕು. ಕನ್ನಡ ಮಾಧ್ಯಮದ ಐದನೆಯ ತರಗತಿಯ ಮಗು ಒಬ್ಬಂಟಿಯಾಗಿ ಆಡಿದರೆ ಹತ್ತು ನಿಮಿಷಕ್ಕೆ ಬೇಸರವಾಗಬಹುದು. ಪಕ್ಕದಲ್ಲಿ ಯಾರಾದರೂ ಕೂತು, ಮಗು ಬಾಯಲ್ಲಿ ಹೇಳಿದ್ದನ್ನು ಟೈಪ್ ಮಾಡಿಕೊಟ್ಟರೆ ಅದೇ ಮಗು ಏಳುವುದಿಲ್ಲ.

ಬಸ್ಸಿನಲ್ಲಿ ಆಡುವವರಿಗೆ ಪಜಲ್ ಕ್ವೆಸ್ಟ್ ಒಂದೇ ದಾರಿ. ಪಡುಬಿದ್ರಿಯಿಂದ ಕಾಪು ತಲುಪುವುದರೊಳಗೆ ಎರಡು ಮೂರು ಕಾದಾಟ ಮುಗಿಯುತ್ತದೆ. ಆದರೆ ಸರಿಸಿದ ಟೈಲನ್ನು ಹಿಂದಕ್ಕೆ ಪಡೆಯಲಾಗದು. ಮಳೆಗೆ ಒದ್ದೆಯಾದ ಬೆರಳಿಗೆ, ಬಸ್ಸಿನ ಕುಲುಕಾಟಕ್ಕೆ ತಪ್ಪು ಟೈಲ್ ಜಾರಿದರೆ ಸರದಿ ಹೋಯಿತು. ಕಠಿಣ ಕಾದಾಟವನ್ನು ಮನೆಗೆ ಇಟ್ಟುಕೊಳ್ಳಿ. ನೆಟ್ ಬೇಕಾದದ್ದೂ ಇದಕ್ಕೇ. ಉಳಿದೆರಡಕ್ಕೆ ನೆಟ್ ಬೇಡ, ಕರೆಂಟ್ ಬೇಕು. ಸಿಡಿಲಿನ ದಿನ ಡೆಸ್ಕ್‌ಟಾಪ್‌ನಲ್ಲಿ ಲೆಗೋ ಆಡುವವರು ಯುಪಿಎಸ್ ಇಟ್ಟುಕೊಳ್ಳಿ, ಇಲ್ಲವೇ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಆಡಿ. ಪರದೆಯ ಮೂಲೆಯಲ್ಲಿ ಸೇವ್ ಆಗುವ ಗುರುತು ತಿರುಗುತ್ತಿರುವಾಗ ಕರೆಂಟ್ ಹೋದರೆ ಸೇವ್ ಫೈಲ್ ಕೆಡಬಹುದು. ವಾರಕ್ಕೊಮ್ಮೆ ಆ ಫೈಲ್ ಇರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ.