ಬಾಟಲಿಗೆ ಸಕ್ಕರೆ ಹಾಕುವ ನಾಲ್ಕು ದಾರಿ: ಚಮಚ, ಗುಳಿಗೆ, ಪಾಕ, ಸಿರಿಂಜ್

ಮನೆಯಲ್ಲಿ ಬಿಯರ್ ಮಾಡಲು ಹೊರಟವರು ಹುದುಗಿಸುವ ಬಗ್ಗೆ ಬೇಕಾದಷ್ಟು ಓದಿಕೊಂಡಿರುತ್ತಾರೆ. ಬಾಟಲಿ ತುಂಬುವ ದಿನ ಮಾತ್ರ ಸಕ್ಕರೆ ಡಬ್ಬಿ ಹಿಡಿದು ಯೋಚನೆಗೆ ಬೀಳುತ್ತಾರೆ. ಕೆಲಸ ಇಷ್ಟೇ: ಬಾಟಲಿಗೆ ಒಂಚೂರು ಸಕ್ಕರೆ ಸೇರಬೇಕು, ಬಿಯರಿನಲ್ಲಿ ಉಳಿದ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡಬೇಕು, ಮುಚ್ಚಳ ಬಿಗಿಯಾಗಿರುವುದರಿಂದ ಆ ಗ್ಯಾಸ್ ಅಲ್ಲೇ ಕರಗಬೇಕು. ಸಕ್ಕರೆ ಸೇರಿಸುವ ನಾಲ್ಕೂ ದಾರಿ ನೋಡಿದ್ದೇನೆ. ಒಂದೇ ಬಿಯರನ್ನು ಪಾಲು ಮಾಡಿಯೂ ನೋಡಿದ್ದೇನೆ.

ಸಾಧಾರಣ ಏಲ್‌ಗೆ (ಮನೆಯಲ್ಲಿ ಹೆಚ್ಚಾಗಿ ಮಾಡುವ ಬಗೆಯ ಬಿಯರ್) ಲೀಟರಿಗೆ ಸುಮಾರು 6 ಗ್ರಾಂ ಸಾದಾ ಸಕ್ಕರೆ ಸಾಕು. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) ಆದರೆ ಶೇಕಡ 10ರಷ್ಟು ಜಾಸ್ತಿ.

ಚಮಚದಿಂದ ಶುರು ಮಾಡೋಣ, ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ ಅಲ್ವಾ? 330 ಮಿಲಿ ಬಾಟಲಿಗೆ ಬೇಕಿರುವುದು 2 ಗ್ರಾಂ. ಅಂದರೆ ಮಟ್ಟಸ ಟೀ ಚಮಚದಲ್ಲಿ ಅರ್ಧ. ಚಮಚ ಸ್ವಲ್ಪ ಗೋಪುರವಾದರೂ ಲೆಕ್ಕ ಒಂದೂವರೆ ಪಟ್ಟು. ಒಂದೇ ಸಾಲಿನಲ್ಲಿ ಒಂದು ಬಾಟಲಿ ಸಪ್ಪೆ, ಪಕ್ಕದ್ದು ತೆರೆದ ಕೂಡಲೇ ಮೇಜಿನ ಮೇಲೆ. ಬಿಯರ್ ತುಂಬಿದ ಮೇಲೆ ಒಣ ಸಕ್ಕರೆ ಉದುರಿಸಿದರೆ ಅಲ್ಲೇ ನೊರೆ ಉಕ್ಕುತ್ತದೆ. ಹಾಕಲೇಬೇಕಿದ್ದರೆ ಸಕ್ಕರೆ ಮೊದಲು, ಬಿಯರ್ ಆಮೇಲೆ.

ಗುಳಿಗೆ ಅಂದರೆ ಕಾರ್ಬೊನೇಷನ್ ಡ್ರಾಪ್ಸ್. ಒಂದೊಂದು ಸುಮಾರು 3 ಗ್ರಾಂ ಇರುತ್ತದೆ. ಟಪ್ ಅಂತ ಹಾಕಿ ಮುಚ್ಚಳ ಬಡಿದರೆ ಮುಗಿಯಿತು, ಇದಕ್ಕಿಂತ ಸಲೀಸು ಬೇರೆ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. 500 ಮಿಲಿಗೆ ಒಂದು ಹಾಕಿದರೆ ಲೀಟರಿಗೆ 6 ಗ್ರಾಂ, ಸರಿಯಾಗಿ ಕೂರುತ್ತದೆ. ಅದೇ ಗುಳಿಗೆ 330 ಮಿಲಿಗೆ ಬಿದ್ದರೆ ಲೀಟರಿಗೆ 9 ಗ್ರಾಂ. ಗೋಧಿ ಬಿಯರ್‌ಗೆ ಆ ಬುರುಗು ಚೆಂದ, ಸ್ಟೌಟ್ ಅನ್ನುವ ಕಪ್ಪು ಬಿಯರ್‌ಗೆ ಸುಮ್ನೆ ನಾಲಿಗೆ ಚುರುಗುಟ್ಟಿಸುತ್ತದೆ. ಒಂದೇ ಅಳತೆಯ ಬಾಟಲಿ ಇರುವವರಿಗೆ ಮಾತ್ರ ನಾನು ಗುಳಿಗೆ ಹೇಳುತ್ತೇನೆ.

ಪಾಕದ ದಾರಿಯೇ ಬೇರೆ. 20 ಲೀಟರ್ ಬಿಯರ್‌ಗೆ 120 ಗ್ರಾಂ ಸಕ್ಕರೆ. ಅದನ್ನು ಒಂದು ಲೋಟ ನೀರಲ್ಲಿ ಕೆಲವು ನಿಮಿಷ ಕುದಿಸಿ ಆರಿಸಬೇಕು. ಸ್ವಚ್ಛ ಮಾಡಿದ ಬಕೆಟ್ಟಿನ ತಳಕ್ಕೆ ಪಾಕ ಹೊಯ್ದು, ಅದರ ಮೇಲೆ ಬಿಯರನ್ನು ಸೈಫನ್ ಪೈಪಿನಲ್ಲಿ ಇಳಿಸಬೇಕು. ಪೈಪಿನ ತುದಿ ಬಕೆಟ್ಟಿನ ಗೋಡೆಗೆ ಒರಗಿ ತಳದಲ್ಲೇ ಸುತ್ತಿಕೊಂಡಿರಲಿ. ಬಿಯರ್ ನಿಧಾನ ಸುಳಿ ತಿರುಗುತ್ತಾ ಪಾಕವನ್ನು ತಾನೇ ಬೆರೆಸಿಕೊಳ್ಳುತ್ತದೆ. ಆದರೂ ಕೊನೆಗೆ ಒಂದು ಸಲ ಮೆಲ್ಲಗೆ ಕದಡುವುದು ಒಳ್ಳೆಯದು. ಮೇಲಿಂದ ಧಾರೆ ಬಿಡಬೇಡಿ. ಗಾಳಿ ಸೇರಿದ ಬಿಯರ್ ಕೆಲವು ವಾರಕ್ಕೆ ಒದ್ದೆ ರಟ್ಟಿನ ರುಚಿ ಹಿಡಿಯುತ್ತದೆ. ಬಾಟಲಿ ಯಾವ ಅಳತೆಯದ್ದಾದರೂ ನೊರೆ ಒಂದೇ ಸಮ ಬರುತ್ತದೆ, ಇದೇ ಪಾಕದ ದೊಡ್ಡ ಗೆಲುವು. ತೊಳೆಯಲು ಇನ್ನೊಂದು ಬಕೆಟ್ಟು ಅನ್ನುವುದೇ ತಕರಾರು.

ನಾಲ್ಕು ಐದು ಲೀಟರಿನ ಸಣ್ಣ ಬ್ಯಾಚ್‌ಗೆ ನನ್ನ ಮತ ಸಿರಿಂಜಿಗೆ. 100 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಕುದಿಸಿ, ಆರಿದ ಮೇಲೆ ಒಟ್ಟು 200 ಮಿಲಿ ಇರುವಂತೆ ನೋಡಿಕೊಳ್ಳಿ. ಆಗ ಪ್ರತಿ ಮಿಲಿಯಲ್ಲಿ ಅರ್ಧ ಗ್ರಾಂ ಸಕ್ಕರೆ. 330ರ ಬಾಟಲಿಗೆ 4 ಮಿಲಿ, 500ಕ್ಕೆ 6 ಮಿಲಿ. ಪಾಕದ ನಿಖರತೆ ಸಿಗುತ್ತದೆ, ಎರಡನೇ ಬಕೆಟ್ಟೂ ಬೇಡ, ಬಿಯರ್‌ಗೆ ಗಾಳಿಯೂ ಕಡಿಮೆ ತಗಲುತ್ತದೆ. ನಲವತ್ತು ಐವತ್ತು ಬಾಟಲಿ ಇದ್ದರೆ ಮಾತ್ರ ಈ ಕೆಲಸ ಬೇಜಾರು, ಆಗ ಪಾಕವೇ ವಾಸಿ.

ದಾರಿ ಯಾವುದಾದರೂ ಒಂದು ಮಾತು ಬಿಡಬೇಡಿ. ಎರಡು ಮೂರು ದಿನ ಬಿಟ್ಟು ಎರಡು ಸಲ ನೋಡಿದಾಗಲೂ ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆದು ಎಷ್ಟು ಸಕ್ಕರೆ ಉಳಿದಿದೆ ಅಂತ ತಿಳಿಸುವ ಕಡ್ಡಿ) ಒಂದೇ ಅಂಕಿ ತೋರಿಸಬೇಕು, ಅದೂ ಆ ಬಿಯರ್ ಇಳಿಯಬೇಕಾದ ಮಟ್ಟಕ್ಕೆ ಬಂದಿರಬೇಕು. ಹುದುಗು ಮುಗಿಯದ ಬಿಯರ್ ತುಂಬಿದರೆ ಗಾಜು ಸಿಡಿಯುತ್ತದೆ. ಗಾಜಿನ ಜೊತೆ ಒಂದು ಪೆಟ್ (ಸೋಡಾ ಬರುವ ಪ್ಲಾಸ್ಟಿಕ್) ಬಾಟಲಿಯನ್ನೂ ತುಂಬಿಡಿ. ಮೊದಲ ದಿನ ಒತ್ತಿದರೆ ಮೆತ್ತಗೆ ಒಳಹೋಗುತ್ತದೆ, ಗ್ಯಾಸ್ ತುಂಬುತ್ತಾ ಬಂದಂತೆ ಕಲ್ಲಾಗುತ್ತದೆ. ಗಾಜಿನೊಳಗೆ ಏನಾಗುತ್ತಿದೆ ಅಂತ ಬೆರಳಲ್ಲೇ ಗೊತ್ತಾಗುತ್ತದೆ.

20 ಡಿಗ್ರಿ ಆಸುಪಾಸಿನಲ್ಲಿ, ಕತ್ತಲಲ್ಲಿ, ಎರಡು ವಾರ ಬಿಡಿ. ಆಲ್ಕೋಹಾಲ್ ಜಾಸ್ತಿ ಇರುವ ಬಿಯರ್‌ಗೆ ಇನ್ನೂ ಹೆಚ್ಚು ದಿನ ಬೇಕು. ಬೇಗ ಫ್ರಿಜ್ಜಿಗೆ ಇಟ್ಟರೆ ಯೀಸ್ಟ್ ಮಲಗಿಬಿಡುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ಗ್ಯಾಸ್ ಬಂದ ಮೇಲೆ ಎರಡು ದಿನ ತಣ್ಣಗಿಟ್ಟು, ತಳದ ಗಷ್ಟು ಅಲುಗದಂತೆ ಒಂದೇ ಸಲಕ್ಕೆ ಲೋಟಕ್ಕೆ ಬಗ್ಗಿಸಿ.