ಟಗರಿನ ಮೇವಿಗೆ ಸುಗಂಧ ತೈಲ: ಸೀಸೆಯ ಎಣ್ಣೆಯೋ, ಮನೆಯ ಓಮವೋ, ಲೇಪಿತ ಪುಡಿಯೋ?

ಅರಸೀಕೆರೆಯ ಸಂತೆಯಲ್ಲಿ ಕೊಂಡ 9 ಟಗರು ಮರಿಗಳನ್ನು ಈ ಸಲ ಬಕ್ರೀದ್ ಮಾರಾಟಕ್ಕೆಂದು 60 ದಿನ ಕಟ್ಟಿ ಮೇಯಿಸಿದೆ. ಮೂರು ಮೂರರಂತೆ ಬೇರ್ಪಡಿಸಿ, ಒಂದು ಗುಂಪಿಗೆ ಸೀಸೆಯಲ್ಲಿ ಬರುವ ಸುಗಂಧ ತೈಲ (ಗಿಡಮೂಲಿಕೆಗಳಿಂದ ತೆಗೆಯುವ ಘಾಟಿನ ಎಣ್ಣೆ), ಇನ್ನೊಂದಕ್ಕೆ ಮನೆಯಲ್ಲೇ ಕುಟ್ಟಿದ ಓಮ ಮತ್ತು ಬೆಳ್ಳುಳ್ಳಿ, ಮತ್ತೊಂದಕ್ಕೆ ಗಟ್ಟಿ ಕೊಬ್ಬಿನ ಲೇಪವಿರುವ ತೈಲದ ಪುಡಿ ಕೊಟ್ಟೆ. ಮುಂದಿನ ವರ್ಷವೂ ನಾನು ಪುಡಿಯನ್ನೇ ಕೊಳ್ಳುವವನು. ಸೀಸೆಯನ್ನು ಮಾತ್ರ ಮತ್ತೆ ಮುಟ್ಟುವುದಿಲ್ಲ.

ಹೋದ ವರ್ಷ ಮುಸುಕಿನ ಜೋಳದ ನುಚ್ಚನ್ನು ಅವಸರದಲ್ಲಿ ಹೆಚ್ಚಿಸಿದ್ದರಿಂದ ಎರಡು ಟಗರುಗಳ ಹೊಟ್ಟೆ ಹುಳಿಯಾಗಿ, ಮೆಲುಕು ನಿಂತು, ವಾರಗಟ್ಟಲೆ ಸೊರಗಿದ್ದವು. ಈ ತೈಲಗಳ ಕಡೆಗೆ ನನ್ನ ಗಮನ ಹೋದದ್ದು ಆಗ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳಿಗೆ 1975ರಿಂದ ಮೊನೆನ್ಸಿನ್ ಎಂಬ, ಮೆಲುಕು ಚೀಲದ ಬ್ಯಾಕ್ಟೀರಿಯಗಳನ್ನು ಹತೋಟಿಯಲ್ಲಿಡುವ ಆಂಟಿಬಯೋಟಿಕ್ ಕೊಡುತ್ತಿದ್ದಾರೆ. ಯುರೋಪಿನ ಒಕ್ಕೂಟವು ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು 2006ರ ಜನವರಿ 1ರಿಂದ ಪೂರ್ತಿಯಾಗಿ ನಿಲ್ಲಿಸಿತು. ಅದರ ಜಾಗಕ್ಕೆ ಬೇರೆ ಏನಿದೆ ಎಂಬ ಹುಡುಕಾಟದಲ್ಲಿ ಓಮದ ಥೈಮಾಲ್, ಲವಂಗದ ಯೂಜಿನಾಲ್, ಚಕ್ಕೆಯ ಸಿನಮಾಲ್ಡಿಹೈಡ್‌ಗಳೆಂಬ ತೈಲದ ಅಂಶಗಳಿಗೆ ಹೆಚ್ಚಿನ ಮಹತ್ವ ಬಂದಿತು. ಇವು ಮೆಲುಕು ಚೀಲದ ಕೆಲವು ಬ್ಯಾಕ್ಟೀರಿಯಗಳ ಹೊರಪೊರೆಯನ್ನು ಕದಡಿ, ಹಿಂಡಿಯಲ್ಲಿರುವ ಪ್ರೋಟೀನು ಬೇಗನೆ ಅಮೋನಿಯವಾಗಿ ಮೂತ್ರದಲ್ಲಿ ಪೋಲಾಗುವುದನ್ನು ತಗ್ಗಿಸಬಲ್ಲವು. ಆದರೆ ಅಳತೆ ಮೀರಿದರೆ ಹುಲ್ಲನ್ನು ಜೀರ್ಣಿಸುವ ಬ್ಯಾಕ್ಟೀರಿಯಗಳಿಗೂ ಪೆಟ್ಟು ಬೀಳುತ್ತದೆ.

ಸೀಸೆಯ ಎಣ್ಣೆಯಲ್ಲಿ ನಾನು ಸೋತದ್ದು ಈ ಅಳತೆಯಲ್ಲಿಯೇ. ನೀರಿಗೆ ಹಾಕಿ ಮೇವಿನ ಮೇಲೆ ಚಿಮುಕಿಸಬೇಕೆಂದು ಅಂಗಡಿಯವರು ಹೇಳಿದ್ದರು. ಎಣ್ಣೆ ನೀರಿನೊಂದಿಗೆ ಬೆರೆಯಲಿಲ್ಲ. ಚೊಂಬಿನ ಮೇಲ್ಭಾಗದಲ್ಲಿ ಹಳದಿ ಪೊರೆಯಾಗಿ ತೇಲುತ್ತಿತ್ತು. ಎಷ್ಟು ಕಲಕಿದರೂ ಮೊದಲ ಸುರಿತದಲ್ಲಿಯೇ ಎಣ್ಣೆಯೆಲ್ಲ ಗೋದಲಿಯ ಒಂದು ಮೂಲೆಗೆ ಬಿದ್ದು, ಉಳಿದ ಕಡೆ ಬರಿಯ ನೀರು ಬೀಳುತ್ತಿತ್ತು. ಮೂರನೆಯ ದಿನ ಕಪ್ಪು ಮುಖದ ಟಗರು ಆ ಮೂಲೆಗೆ ಮೂತಿಯಿಟ್ಟು, ಮೇಲ್ತುಟಿಯನ್ನು ಮಡಚಿ, ಸೀನಿ, ಹಿಂದೆ ಸರಿದು ನಿಂತಿತು. ಸಂಜೆಯವರೆಗೂ ಅದು ನುಚ್ಚನ್ನು ಮೂಸಲಿಲ್ಲ. ಅದನ್ನು ಕಂಡು ಉಳಿದೆರಡೂ ಮೇವು ಬಿಟ್ಟವು.

ಬೂಸಾದಲ್ಲಿ ಉಜ್ಜಿ ಬೆರೆಸಿ ನೋಡಿದೆ. ಬೆಲ್ಲದ ನೀರನ್ನೂ ಸೇರಿಸಿದೆ. ತಿನ್ನತೊಡಗಿದವು, ಆದರೆ ಅಷ್ಟರಲ್ಲಿ ಹತ್ತು ದಿನದ ಮೇವು ಅರ್ಧಕ್ಕಿಳಿದಿತ್ತು. ಇನ್ನೊಂದು ತೊಡಕೂ ಇತ್ತು. ಬೇಸಾಯದ ಕೆಲಸಗಳ ನಡುವೆ ನಾನು ನಾಲ್ಕು ದಿನಕ್ಕಾಗುವಷ್ಟು ನುಚ್ಚು, ಬೂಸಾ, ಕಡಲೆಕಾಯಿ ಹಿಂಡಿಗಳನ್ನು ಒಟ್ಟಿಗೇ ಬೆರೆಸಿ ಡ್ರಮ್ಮಿನಲ್ಲಿಡುವವನು. ಸುಗಂಧ ತೈಲ ಆರಿಹೋಗುವ ವಸ್ತು. ಮೊದಲ ದಿನ ಮುಚ್ಚಳ ತೆಗೆದರೆ ಕಣ್ಣಿಗೆ ಹತ್ತುತ್ತಿದ್ದ ಘಾಟು ನಾಲ್ಕನೆಯ ದಿನ ಹುಡುಕಿದರೂ ಸಿಗುತ್ತಿರಲಿಲ್ಲ. ಹೀಗೆ ಮೊದಲ ದಿನ ಅತಿಯಾಗಿ, ಕೊನೆಯ ದಿನ ಇಲ್ಲವೆಂಬಷ್ಟು ಕೊಟ್ಟಂತಾಯಿತು. ನಿತ್ಯ ಬೆರೆಸುವವರಿಗೆ ಈ ತೊಂದರೆ ಅಷ್ಟಾಗಿ ಕಾಡದು.

ಓಮ, ಬೆಳ್ಳುಳ್ಳಿಗೆ ಖರ್ಚು ಕಡಿಮೆ. ಟಗರುಗಳು ಓಮವನ್ನು ಇಷ್ಟಪಟ್ಟು ತಿಂದವು. ಆದರೆ ಓಮದ ಬೀಜದಲ್ಲಿರುವ ತೈಲದ ಪಾಲು ಒಂದೊಂದು ಚೀಲಕ್ಕೆ ಒಂದೊಂದು ಬಗೆ, ದಿನವೂ ಕುಟ್ಟುವ ಕೆಲಸ ಬೇರೆ. ಇದನ್ನು ಮಾಡುತ್ತಿದ್ದುದು ನಮ್ಮ ತಾಯಿ, ಅವರ ಮಂಡಿನೋವಿನಲ್ಲಿ ಇದನ್ನು ಪ್ರತಿ ವರ್ಷ ಕೇಳುವುದು ನ್ಯಾಯವಲ್ಲ. ಹಾಲು ಕರೆಯುವ ಹಸುಗಳಿಗಂತೂ ಬೆಳ್ಳುಳ್ಳಿ ಬೇಡ, ಅದರ ವಾಸನೆ ಹಾಲಿಗೆ ಇಳಿಯುತ್ತದೆ.

ಲೇಪಿತ ಪುಡಿಯ ಬಗ್ಗೆ ಹೇಳುವ ದೂರು ಬೆಲೆಯೊಂದೇ. ಡ್ರಮ್ಮಿನಲ್ಲಿ ನಾಲ್ಕು ದಿನವಿದ್ದರೂ ಅದು ಹಾಗೆಯೇ ಇರುತ್ತದೆ, ಗೋದಲಿಯಲ್ಲಿ ಘಾಟು ಏಳುವುದಿಲ್ಲ. ಪೊಟ್ಟಣದ ಮೇಲಿನ ಅಳತೆಯನ್ನು ಮೊದಲು ಒಂದು ಹಿಡಿ ಬೂಸಾದಲ್ಲಿ, ಆಮೇಲೆ ಒಂದು ಬಕೆಟ್ಟಿನಲ್ಲಿ, ಕೊನೆಗೆ ಪೂರ್ತಿ ರಾಶಿಯಲ್ಲಿ ಬೆರೆಸಿದರೆ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ನುಚ್ಚನ್ನು ಹೆಚ್ಚಿಸಿದ ದಿನಗಳಲ್ಲಿಯೂ ಈ ಗುಂಪಿನ ಹಿಕ್ಕೆ ಗಟ್ಟಿಯಾಗಿ, ಬಿಡಿಬಿಡಿಯಾಗಿಯೇ ಬೀಳುತ್ತಿತ್ತು. ನುಚ್ಚನ್ನು ಈ ಸಲ ನಿಧಾನವಾಗಿ ಹೆಚ್ಚಿಸಿದ್ದೂ ಅದಕ್ಕೆ ಕಾರಣವಿರಬಹುದು.

ತೂಗು ತಕ್ಕಡಿಯಲ್ಲಿ ತೂಗಿದಾಗ ಸರಾಸರಿಯಾಗಿ ಪುಡಿಯ ಗುಂಪು 9 ಕೆ.ಜಿ., ಓಮದ ಗುಂಪು ಎಂಟೂವರೆ, ಸೀಸೆಯ ಗುಂಪು 7 ಕೆ.ಜಿ. ಏರಿದ್ದವು. ಮೂರೇ ಟಗರುಗಳ ಲೆಕ್ಕದಲ್ಲಿ ಅರ್ಧ ಕೆ.ಜಿ.ಗೆ ಅರ್ಥವಿಲ್ಲ. ಏನನ್ನೂ ಬೆರೆಸದ ಗುಂಪೊಂದನ್ನು ನಾನು ಇಟ್ಟಿರಲಿಲ್ಲವಾದ್ದರಿಂದ, ಈ ತೂಕದಲ್ಲಿ ತೈಲದ ಪಾಲು ಎಷ್ಟೆಂದು ಹೇಳಲಾರೆ. ಸೀಸೆಯ ಗುಂಪು ಹಿಂದೆ ಬಿದ್ದದ್ದು ಮೇವು ಬಿಟ್ಟ ಆ ಹತ್ತು ದಿನಗಳಿಂದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪುಡಿಗೆ ಟಗರೊಂದಕ್ಕೆ ದಿನಕ್ಕೆ ಸುಮಾರು 2 ರೂಪಾಯಿ ಬಿದ್ದಿತು, ಅಂದರೆ 60 ದಿನಕ್ಕೆ 120 ರೂಪಾಯಿ. ಎರಡು ಮೂರು ಟಗರು ಕಟ್ಟಿ, ದಿನವೂ ಕೈಯಾರೆ ಮೇವು ಬೆರೆಸುವವರಿಗೆ ಓಮವೇ ಸಾಕು. ನುಚ್ಚು ಕಡಿಮೆಯಿದ್ದು, ಬಯಲಿನಲ್ಲಿ ಮೇಯುವ ಮಂದೆಗೆ ಈ ಮೂರಕ್ಕೂ ದುಡ್ಡು ಸುರಿಯಬೇಕಿಲ್ಲ. ನನ್ನಂತೆ ಡ್ರಮ್ಮಿನಲ್ಲಿ ಬೆರೆಸಿಟ್ಟು, ನುಚ್ಚಿನ ಮೇಲೆಯೇ ಟಗರನ್ನು ಕೊಬ್ಬಿಸುವವರು ಪುಡಿಯನ್ನು ಕೊಳ್ಳಲಿ, ಮೊದಲ ವಾರ ಅರ್ಧ ಅಳತೆಯಿಂದ ಆರಂಭಿಸಲಿ.