ಊರಿನ ವಾಟ್ಸಾಪ್ ಗ್ರೂಪು, ಬಾಳ ವರ್ಷ ಬಳಸಿದ ಮ್ಯಾಲ ನನ್ನ ರಿವ್ಯೂ: 5ಕ್ಕ 3 ಸ್ಟಾರ್

ನಮ್ಮದು ಬಾಗಲಕೋಟಿ ಜಿಲ್ಲಾ, ಬೀಳಗಿ ತಾಲೂಕು. 2016ರಾಗ ಜಿಯೋ ಬಂದು ನೆಟ್ ಸೋವಿ ಆದ ಮ್ಯಾಲ ಊರ ಹುಡುಗ್ರು ಗ್ರೂಪ್ ಮಾಡಿದ್ರು, ಅವಾಗಿಂದ ಅದ್ರಾಗ ಅದೀನಿ. ಫೋಟೋ ವಿಡಿಯೋ ಬಿಡ್ರಿ, ಊರ ಮಾತುಕತಿಗೆ ಇದು ಎಷ್ಟು ಉಪಯೋಗ ಆತು ಅಷ್ಟ ಹೇಳ್ತೀನಿ.

ಎಲ್ಲಾಕ್ಕಿಂತ ಚಲೋದು ವಾಯ್ಸ್ ಮೆಸೇಜ್. ಅಗಸಿ ಕಟ್ಟಿ ಮ್ಯಾಲ ಕುಂತು ಊರ ವಿಚಾರ ಮಾತಾಡೋರು ಯಾವತ್ತೂ ಅದೇ ನಾಕ ಮನಿ ಗಂಡಸರು, ಹೆಣ್ಮಕ್ಕಳು ಅಲ್ಲಿ ಹಾಯೋಮುಂದ ಸೆರಗು ಸರಿ ಮಾಡ್ಕೊಂಡು ಲಗೂನ ಹೋಗಿಬಿಡ್ತಾರ, ಅಂತಾದ್ರಾಗ ನಳಕ್ಕ ನೀರು ಬರಲಾರದಾಗ ನಮ್ಮ ಓಣಿ ಅಕ್ಕಾರೊಬ್ರು ವಾಯ್ಸ್ ಹಾಕಿ "ಮ್ಯಾಲಿನ ಓಣಿಗೆ ದಿನಾ ಬಿಡ್ತೀರಿ, ನಮಗ್ಯಾಕ ವಾರಕ್ಕೊಮ್ಮಿರಿ?" ಅಂತ ಕೇಳೇಬಿಟ್ರು. ಸಾಲಿ ಕಲಿಲಾರದವ್ರು, ಗೋವಾಕ ದುಡ್ಯಾಕ ಹೋದವ್ರು, ಟೈಪ್ ಮಾಡಾಕ ಬರಲಾರದ ಮುದುಕ್ರು, ಒಬ್ಬೊಬ್ರ ದನಿ ಬರಾಕ ಚಾಲೂ ಆತು. ಇದು ದೊಡ್ಡ ಮಾತು, ಇದಕ್ಕಂತನ 3 ಸ್ಟಾರ್ ಕೊಟ್ಟೀನಿ.

ಉಳಿದ 2 ಯಾಕ ಕಟ್ ಮಾಡೀನಿ ಅಂದ್ರ ಅಡ್ಮಿನ್. ಅಡ್ಮಿನ್ ಅಷ್ಟ ಮೆಸೇಜ್ ಹಾಕೋ ಸೆಟ್ಟಿಂಗ್ 2018ರಾಗ ಬಂತಲ್ಲ, ಇಲೆಕ್ಷನ್ ಟೈಮಿಗೆ ಜಗಳ ಬ್ಯಾಡ ಅಂತ ಅದನ್ನ ಹಾಕಿದ್ರು, ಅವಾಗ ಅದು ಬೇಕಾಗಿತ್ತು ಖರೆ. ಇಲೆಕ್ಷನ್ ಮುಗುದ ಮ್ಯಾಲೂ ತಗೀಲಿಲ್ಲ. ಬಾಳ ದಿನ ಆದ ಮ್ಯಾಲ ಕಡೀಕ ತಗದ್ರು, ಅವಾಗ ಒಬ್ಬ ಹುಡುಗ ರಸ್ತಾದ ಬಿಲ್ ಎಷ್ಟು ಆಗೇತಿ ಅಂತ ಕೇಳಿದ್ದಕ್ಕ ಅವನ್ನ ರಿಮೂವ್ ಮಾಡಿದ್ರು. ಕಟ್ಟಿ ಮ್ಯಾಲಿಂದ ಹಂಗ ಎಬ್ಬಿಸಿ ಕಳಿಸಿದ್ರ ನಾಕ ಮಂದಿ ಯಾಕಪಾ ಅಂತ ಕೇಳ್ತಿದ್ರು, ಇಲ್ಲಿ ಯಾರೂ ಕೇಳಲಿಲ್ಲ. ಫಾರ್ವರ್ಡ್ ಕಾಟ ಬ್ಯಾರೆ, 5 ಚಾಟಿಗೆ ಅಷ್ಟ ಅಂತ ಮಿತಿ ಐತಿ ಆದ್ರೂ ಕಾಪಿ ಮಾಡಿ ಹಾಕವ್ರು ಹಾಕೇ ಹಾಕ್ತಾರ.

ಮತ್ತೊಂದು, ಗ್ರೂಪಿನ್ಯಾಗ ನೂರು ಮಂದಿ ಹೆಬ್ಬೆಟ್ಟು ಒತ್ತಿದ್ರೂ ಪಂಚಾಯ್ತಿ ಠರಾವು ಪುಸ್ತಕದಾಗ ಒಂದ ಸಾಲು ಬರಂಗಿಲ್ಲ. ಗ್ರಾಮಸಭಾದಾಗ ಬರ್ತೈತಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮಿಯರ ಗ್ರಾಮಸಭಾ ಕೂಡಸಾಕ ಬೇಕು, ಮತದಾರರ ಪಟ್ಟ್ಯಾಗ ಹೆಸರಿದ್ದ ಎಲ್ಲಾರೂ ಅದಕ್ಕ ಸದಸ್ಯರು, ಅಲ್ಲಿಂದ ಯಾವ ಅಡ್ಮಿನ್‌ಗೂ ರಿಮೂವ್ ಮಾಡಾಕ ಬರಂಗಿಲ್ಲ. ಆ ಅಕ್ಕಾರು ಅಲ್ಲಿಗೂ ಬಂದ್ರು, ಗ್ರೂಪಿನ್ಯಾಗ ಬ್ಯಾರೆ ಹೆಣ್ಮಕ್ಕಳು ಹೌದೌದು ಅಂದಿದ್ರಲ್ಲ, ಅವ್ರನ್ನೂ ಕರ್ಕೊಂಡ ಬಂದ್ರು, ಪಿಡಿಒ ಎದುರಿಗೆ ನಿಂತು ಅದೇ ಮಾತು ಕೇಳಿದ್ರು, ಠರಾವು ಆತು, ವಾಟರ್‌ಮ್ಯಾನ್ ಪಾಳಿ ಬದಲಾತು. ಗ್ರೂಪಿನ್ಯಾಗ ಅಷ್ಟ ಒದರಿ ಸುಮ್ಮನಾಗಿದ್ರ ಇವತ್ತಿಗೂ ವಾರಕ್ಕೊಮ್ಮೀನ ನೀರು ಬರ್ತಿತ್ತು.

ಹೊಸದಾಗಿ ಊರ ಗ್ರೂಪ್ ಮಾಡವ್ರು ಇದ್ರ ಓಣಿಗೊಬ್ರನ್ನ ಅಡ್ಮಿನ್ ಮಾಡ್ರಿ, ಅದ್ರಾಗ ಹೆಣ್ಮಕ್ಕಳು ಇರ್ಲಿ, ಗ್ರಾಮಸಭಾ ತಾರೀಖು ಗೊತ್ತಾದ ದಿನಾನ ಗ್ರೂಪಿನ್ಯಾಗ ಪಿನ್ ಮಾಡ್ರಿ.